ಖಾಲಿ ಗೋಲಿಗೆ ಒದ್ದ ಕ್ಯಾಪ್ಟನ್

ಒಂದೂರಿನ ಕಾಲೇಜಿನಲ್ಲಿ ಸೋಲನ್ನೇ ಕಾಣದ ಒಬ್ಬ ಫುಟ್‌ಬಾಲ್ ಕ್ಯಾಪ್ಟನ್ ಇದ್ದ. ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಸಕ್ಕರೆಗೆ ಚೀಟಿ. ಅಂಥ ವರ್ಷದಲ್ಲೂ ಅವನ ತಂಡ ಆರಕ್ಕೆ ಆರು ಪಂದ್ಯ ಗೆದ್ದಿತ್ತು. ಹೇಗೆ ಗೆದ್ದಿತು ಗೊತ್ತೇ? ಎದುರಾಳಿಗಳು ಬರಲೇ ಇಲ್ಲ. ಒಂದು ಕಾಲೇಜಿನ ಹುಡುಗರು ಸೈನ್ಯಕ್ಕೆ ಸೇರಿದ್ದರು. ಇನ್ನೊಂದರ ಮೈದಾನದಲ್ಲಿ ದಂಡಿನವರು ಡೇರೆ ಹಾಕಿದ್ದರು. ಉಳಿದವರ ಬಸ್ಸಿಗೆ ಪೆಟ್ರೋಲ್ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಅನ್ನುವುದು ಇದಕ್ಕೇ.

ಆ ಪಂದ್ಯಗಳಿಗೆ ಒಂದು ನಿಯಮವಿತ್ತು, ನೋಡಿ. ಎದುರಾಳಿ ಬಾರದಿದ್ದರೂ ಬಂದ ತಂಡ ಮೈದಾನಕ್ಕಿಳಿದು ನಿಲ್ಲಬೇಕು. ರೆಫರಿ ಸೀಟಿ ಊದಬೇಕು. ಕ್ಯಾಪ್ಟನ್ ಚೆಂಡನ್ನು ಖಾಲಿ ಗೋಲಿನೊಳಗೆ ಒದೆಯಬೇಕು. ಆಗಲೇ ಅದು ಗೆಲುವು.

ನಮ್ಮ ಕ್ಯಾಪ್ಟನ್ ಮೊದಲ ಸಲ ನಾಚಿಕೊಂಡು ಒದ್ದ. ಎರಡನೆಯ ಸಲ ಸುಮ್ಮನೆ ಒದ್ದ. ಮೂರನೆಯ ಸಲ? ದೂರದಿಂದ ಓಡಿಬಂದು, ಇಲ್ಲದ ಇಬ್ಬರನ್ನು ತಪ್ಪಿಸಿ, ಮೂಲೆಗೆ ಗುರಿಯಿಟ್ಟು ಒದ್ದ. ಒದ್ದು, ಚಪ್ಪಾಳೆಗಾಗಿ ತಿರುಗಿ ನೋಡಿದ. ನಗಬೇಡಿ. ಐದನೆಯ ಪಂದ್ಯದ ಹೊತ್ತಿಗೆ ಹಾಸ್ಟೆಲಿನಲ್ಲಿ ಕೂತು ಗೋಲು ಹೊಡೆಯುವುದು ಹೇಗೆಂದು ಕಿರಿಯರಿಗೆ ಪಾಠ ಹೇಳುತ್ತಿದ್ದ.

ಗೋಲ್‌ಕೀಪರ್ ಒಂದು ದಿನ ಅಂದ, "ಮಾರಾಯ, ಈ ವರ್ಷ ನಾನಿನ್ನೂ ಚೆಂಡೇ ಮುಟ್ಟಿಲ್ಲ."

"ನೋಡು, ಅದಕ್ಕೇ ನಿನ್ನ ಮೇಲೆ ಒಂದು ಗೋಲೂ ಆಗಿಲ್ಲ" ಎಂದ ಕ್ಯಾಪ್ಟನ್.

ಫೈನಲ್ ಬಂತು. ನಾಲ್ಕೂವರೆಗೆ ಆಟ. ಐದಾಗುತ್ತ ಬಂದರೂ ಪಕ್ಕದ ಜಿಲ್ಲೆಯವರ ಸುಳಿವಿಲ್ಲ. ಮಿಲಿಟರಿ ರೈಲಿಗೆ ದಾರಿ ಬಿಡಲು ಅವರ ರೈಲನ್ನು ಹಿಂದಿನ ಸ್ಟೇಷನ್ನಿನಲ್ಲೇ ನಿಲ್ಲಿಸಿದ್ದಾರೆ, ಹುಡುಗರು ನಡೆದೇ ಬರುತ್ತಿದ್ದಾರೆ ಎಂದು ಸೈಕಲ್ಲಿನಲ್ಲಿ ಬಂದ ಅಂಚೆಯವನು ಹೇಳಿದ. ರೆಫರಿ ಮೇಷ್ಟ್ರು ಕೇಳಿದರು, "ಏನಪ್ಪಾ, ಕಾಯೋಣ್ವಾ? ನೀನು ಹೇಳ್ದಂಗೆ."

ಕ್ಯಾಪ್ಟನ್ ರಸ್ತೆಯ ಕಡೆ ನೋಡಿದ. ದೂರದಲ್ಲಿ ಹನ್ನೊಂದು ತಲೆ ಕಾಣುತ್ತಿದ್ದವು. ಬರುವವರಿಗೆ ನಿಜವಾಗಿಯೂ ಆಟ ಬರುತ್ತಿದ್ದರೆ? ಆ ವರ್ಷ ಮೊದಲ ಬಾರಿಗೆ ಅವನಿಗೆ ಹೆದರಿಕೆಯಾಯಿತು.

"ರೂಲು ರೂಲೇ ಅಲ್ವಾ ಸಾರ್. ಊದ್ಬಿಡಿ" ಎಂದ.

ಅವರು ಊದಿದರು, ಇವನು ಒದ್ದ, ಕಪ್ ಬಂತು.

ಅಷ್ಟರಲ್ಲಿ ಪಕ್ಕದ ಜಿಲ್ಲೆಯವರೂ ಬಂದರು. ಅವರ ನಾಯಕ ಏದುಸಿರು ಬಿಡುತ್ತ ಹೇಳಿದ, "ಕಪ್ ನೀವೇ ಇಟ್ಕೊಳ್ಳಿ. ಸೋಮವಾರ ನಮ್ಮಲ್ಲಿ ನಾಲ್ಕು ಜನ ಸೈನ್ಯಕ್ಕೆ ಹೊರಟಿದ್ದೀವಿ. ಒಂದಾಟ ಆಡಿ ಹೋಗ್ತೀವಿ, ಬನ್ನಿ."

"ಪಂದ್ಯ ಮುಗೀತಲ್ಲ" ಎಂದ ಕ್ಯಾಪ್ಟನ್.

ಗೋಲ್‌ಕೀಪರ್ ಅವನ ಮುಖವನ್ನೊಮ್ಮೆ ನೋಡಿ, ಹೋಗಿ ಗೋಲಿನಲ್ಲಿ ನಿಂತ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಹತ್ತೇ ಜನ ಆಡಿದರು. ನಾಲ್ಕು ಗೋಲು ತಿಂದರು, ಮೊಣಕಾಲು ತರಚಿಕೊಂಡರು, ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ನಗುನಗುತ್ತ ಆಡಿದರು. ಗೆರೆಯಾಚೆ ಕಪ್ ಹಿಡಿದು ನಿಂತವನೊಬ್ಬನೇ ಸೋಲಲಿಲ್ಲ. ಅವನು ಅಲ್ಲಿ ನಿಂತಿದ್ದಾನೆಂಬುದೇ ಯಾರಿಗೂ ನೆನಪಿರಲಿಲ್ಲ.

ಅಯ್ಯೋ ಪಾಪ ಅನ್ನುತ್ತಿದ್ದೀರಿ. ಅವನದು ಬಿಡಿ, ನಿಮ್ಮದು ಹೇಳಿ. "ನನಗೆ ಸಿಟ್ಟೇ ಬರಲ್ಲ ಬುದ್ದಿ" ಅನ್ನುತ್ತೀರಿ. ಎಲ್ಲಿಂದ ಬರಬೇಕು? ಸಿಟ್ಟು ಬರಿಸುವ ತಮ್ಮನ ಮನೆ ಹೊಸಿಲು ತುಳಿದು ಏಳು ವರ್ಷವಾಯಿತು. "ಲಂಚ ಮುಟ್ಟಿದವನಲ್ಲ" ಅನ್ನುತ್ತೀರಿ. ಕೊಡಲು ಯಾರು ಬಂದಿದ್ದರು? ಇಲ್ಲಿ ಮಠಕ್ಕೆ ಬಂದು ಒಂದು ಗಳಿಗೆ ಕಣ್ಣು ಮುಚ್ಚಿ ಕೂತು, ಮನಸ್ಸನ್ನು ಗೆದ್ದೆ ಅನ್ನುತ್ತೀರಿ. ಖಾಲಿ ಗೋಲು, ತಾಯಂದಿರೇ. ಖಾಲಿ ಗೋಲು, ಅಣ್ಣಂದಿರೇ.

ಇವತ್ತು ಪ್ರಸಾದ ತೆಗೆದುಕೊಂಡು ನೆಟ್ಟಗೆ ಮನೆಗೆ ಹೋಗಬೇಡಿ. ಆ ತಮ್ಮನ ಮನೆಗೆ ಹೋಗಿ. ಅವನು ಹಳೆಯದನ್ನೆಲ್ಲ ಎತ್ತುತ್ತಾನೆ, ಅಪ್ಪನ ಕಾಲದಿಂದ ಶುರುಮಾಡುತ್ತಾನೆ. ಕೂತು ಕೇಳಿ. ನಿಮ್ಮ ತಾಳ್ಮೆ ಎಷ್ಟೆಂದು ಅಲ್ಲಿ ತಿಳಿಯುತ್ತದೆ. ಬಹುಶಃ ಸೋತೇ ಬರುತ್ತೀರಿ. ಸೋತರೆ ನಾಳೆ ಮತ್ತೆ ಹೋಗಿ.