ಎರಡು ಕೊಡ ನೀರು

ತೊಂಬತ್ತೆಂಟರ ಬೇಸಿಗೆ. ಗುಬ್ಬಿಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮುಂದೆ ಚೀಟಿ ಹಿಡಿದು ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ. ಗಂಡ ನೆಟ್ಟಗೆ ಕೂರಲಾಗದೆ, ಸೊಂಟ ಹಿಡಿದುಕೊಂಡು ಒಂದು ಕಡೆಗೆ ವಾಲಿದ್ದರು.

"ನಾನು ಎರಡು ದಿನ ಹಾಗಲವಾಡಿಗೆ ಹೋಗಿ ಬರೋದ್ರೊಳಗೆ ಹಿಂಗಾ? ಎಷ್ಟು ಕೊಡ ತಂದ್ರಿ?"

"ಎರಡೇ ಕಣೇ. ಎರಡನೇದು ಎತ್ತೋವಾಗ ಸೊಂಟ ಚಳಕ್ ಅಂತು."

"ನಿಂತಲ್ಲೇ ಬಗ್ಗಿ ಎತ್ತಿರ್ತೀರ."

"ಇನ್ನೆಂಗೆ ಎತ್ತೋದು?"

"ಮಂಡಿ ಮಡಚಿ ಕೂತು, ಕೊಡನ ಮೈಗೆ ಒತ್ಕೊಂಡು ಏಳ್ಬೇಕು. ಬರೀ ಸೊಂಟದ ಮೇಲೆ ಭಾರ ಹಾಕಿದ್ರೆ ಹಿಡ್ಕೊಳ್ದೆ ಇರುತ್ತಾ?"

"ನಿಂಗ್ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ನೋವು ತಿಂದೇ ಕಲ್ತಿದ್ದು. ಚಿಕ್ಕೋನು ಹೊಟ್ಟೇಲಿದ್ದಾಗ ಹಿಡ್ಕೊಂಡಿದ್ದು, ಇನ್ನೂ ಬಿಟ್ಟಿಲ್ಲ."



"ದಿನಾ ಎಷ್ಟು ತರ್ತೀಯ?"

"ಹತ್ತು. ನೆಂಟರು ಬಂದ್ರೆ ಹದಿನೈದು."

"ನೋವು ಅಂದಾಗೆಲ್ಲ ಸೋಮಾರಿತನ ಅಂತಿದ್ದೆ ನಾನು."

"ನಿಮ್ಮಮ್ಮನ ಎದುರಿಗೇ ಅಂತಿದ್ರಿ."

"ಹೂಂ. ಅಂತಿದ್ದೆ."

ಕಾಂಪೌಂಡರ್ ಬಾಗಿಲಿಗೆ ಬಂದು, "ಹನುಮಂತರಾಜು" ಅಂತ ಕೂಗಿದ. ಆತ ಹೆಂಡತಿಯ ಭುಜ ಹಿಡಿದು ಮೆಲ್ಲಗೆ ಎದ್ದರು.

"ಇನ್ನೊಂದು ಹೆಸರು ಬರ್ಕೊಳಪ್ಪ. ಮಂಗಳಗೌರಿ."

"ಅವರಿಗೇನು ತೊಂದ್ರೆ ಸಾರ್?"

"ಸೊಂಟನೋವು. ಏಳು ವರ್ಷದಿಂದ ಇದೆ. ಮೊದಲು ಅವಳನ್ನ ನೋಡ್ಲಿ."

ಆಕೆ ಸೆರಗು ಸರಿಮಾಡಿಕೊಂಡು ಗಂಡನಿಗಿಂತ ಮುಂದಾಗಿ ಒಳಗೆ ನಡೆದರು.