ಚಕ್ ತರಲು ಹೋದ ತಮ್ಮ

ನಗಬೇಡಿ. ನಮ್ಮ ಚಿಕ್ಕಪ್ಪನ ಮಗನಿಗೇ, ನನ್ನ ತಮ್ಮನಿಗೇ ಆದದ್ದು ಇದು.

ರಾತ್ರಿ ಹಳೇ ಬಾವಿಯ ದಾರಿಯಲ್ಲಿ ಮನೆಗೆ ಬರ್ತಿದ್ದ. ಕೈಯಲ್ಲಿ ಲೇತ್ ಮಿಷನ್ನಿನ ಚಕ್... ಅದೇ, ಕಬ್ಬಿಣದ ತುಂಡನ್ನ ಮೂರು ದವಡೆಯಲ್ಲಿ ಕಚ್ಚಿ ಹಿಡಿದು ತಿರುಗಿಸುತ್ತಲ್ಲ, ಆ ಭಾರದ ಗುಂಡು. ಇವನ ಲೇತ್ ಅಜ್ಜನ ಕಾಲದ್ದು. ಅದರ ಚಕ್ ಬಿರುಕು ಬಿಟ್ಟಿತ್ತು. ಹೊಸದು ಯಾವುದೂ ಅದರ ತಿರುಪಿಗೆ ಕೂರಲಿಲ್ಲ. ಅಂಗಡಿ ಅಂಗಡಿ ಅಲೆದು ಚಪ್ಪಲಿ ಸವೆದದ್ದೇ ಬಂತು. ಸಿಗದಿದ್ದರೆ ಲೇತ್ ಗುಜರಿಗೆ, ಇವನು ಬೀದಿಗೆ. ಕೊನೆಗೆ ಬಾವಿಯಾಚೆ, ಇವನ ಹಾಗೇ ಲೇತ್ ಕೆಲಸ ಮಾಡ್ತಿದ್ದು ತೀರಿಹೋದ ಟರ್ನರೊಬ್ಬನ ಶೆಡ್ಡಿನಲ್ಲಿ ಅದೇ ತರದ ಮಿಷನ್ ಸಿಕ್ಕಿತು. ಅವನ ಹೆಂಡತಿ, "ಬಿಚ್ಕೊಂಡು ಹೋಗಪ್ಪ, ನನಗ್ಯಾಕೆ" ಅಂದಳು.

ಖುಷಿಯಲ್ಲಿ ಚಕ್ ಬಿಚ್ಚಿದ. ದವಡೆ ಸಡಿಲಿಸೋ ಕೀ ಅಲ್ಲೇ ಮರೆತ. ಸಾಲದ್ದಕ್ಕೆ ಟರ್ನರುಗಳ ಕೆಟ್ಟ ಚಾಳಿ ನೋಡಿ, ದವಡೆಗಳ ನಡುವೆ ಬೆರಳು ತೂರಿಸಿ ನೇತಾಡಿಸಿಕೊಂಡು ಹೊರಟ.

ಬಾವಿ ಹತ್ತಿರ... ಕಿರ್ಕ್. ದವಡೆ ಬೆರಳಿಗೆ ತಾಗಿತು. ಇನ್ನೊಂದು ಹೆಜ್ಜೆ... ಕಿರ್ಕ್. ಎಳೆದ, ಬರಲಿಲ್ಲ. ನಿಂತರೆ ಸುಮ್ಮನಿರುತ್ತೆ, ಮನೆ ಕಡೆ ಕಾಲಿಟ್ಟರೆ ಬಿಗಿಯುತ್ತೆ. ಕೀ ಇಲ್ಲದೆ ಬಿಡಿಸೋದು ಯಾರಿಂದಲೂ ಆಗದ ಮಾತು. ಬೆರಳು ಹೋದ ಟರ್ನರ್‌ಗೆ ಉಳಿಯೋದೇನು? ಕೀ ಹುಡುಕೋಕೆ ವಾಪಸ್ ಓಡಿದ.

ಶೆಡ್ಡಿನಲ್ಲಿ ಕತ್ತಲೆ. ಕೀ ಬಿಟ್ಟ ಜಾಗ ತಡಕಿದ. ಇಲ್ಲ. ಕಿವಿಯ ಹತ್ತಿರ ಒಂದು ಪಿಸುಮಾತು...

"ಆ ಚಕ್ ನನ್ನ ಮಿಷನ್‌ಗೇ ಕೂರೋದು."

"ಗೊತ್ತಾಯ್ತು ಯಜಮಾನ್ರೇ. ಕೈ ಬಿಡಿಸಿ."

"ಬಿಡಿಸಿದ್ರೆ ಇಲ್ಲೇ ಇರ್ತೀಯಾ?"

ಬೆರಳು ಮರಗಟ್ಟಿತ್ತು. ತಮ್ಮ ಹೆಚ್ಚು ಯೋಚಿಸಲಿಲ್ಲ. "ಇರ್ತೀನಿ" ಅಂದುಬಿಟ್ಟ.

ಕೀ ತಿರುಗೋ ಸದ್ದು. ಕಿರ್... ಕಿರ್... ಕೈ ಈಚೆ ಬಂತು.

ಈಗ ತಮ್ಮ ದುಡಿಯೋದೂ ಮಲಗೋದೂ ಆ ಶೆಡ್ಡಿನಲ್ಲೇ. ಇವನ ಲೇತ್ ಮನೆಯಲ್ಲಿ ಧೂಳು ತಿಂತಿದೆ. ತನ್ನ ಮಗಳ ಮದುವೆಗೆ ಅಂತ ಹೊರಟವನು ಬಾವಿ ತನಕ ಬಂದು, ಬೆರಳು ಹಿಡ್ಕೊಂಡು ತಿರುಗಿ ಹೋದ.

ಸಂಜೆ ಟೀ ಒಯ್ಯೋಳು ನಾನೇ. "ಎರಡು ಲೋಟ ತಾ ಅಕ್ಕ" ಅಂತಾನೆ. ಆಮೇಲೆ ಒಂದು ಲೋಟಕ್ಕೆ ಇವನ ಕೈಯ ಕಪ್ಪು ಎಣ್ಣೆ ಅಂಟಿರುತ್ತೆ. ಇನ್ನೊಂದರ ಮೇಲೆ ಬೆರಳಿನ ಗುರುತೇ ಇರಲ್ಲ... ಟೀ ಮಾತ್ರ ಖಾಲಿ. ನೀವು ನಂಬಿ, ಬಿಡಿ. ಆ ಲೋಟ ತೊಳೆಯೋಳು ನಾನು.