ನಾನು ಹಾಕಿದ ಗ್ರೇಸ್ ಮಾರ್ಕ್ಸು

...ಅಲ್ಲ ಕಣೇ ಅನಘಾ, ಕಲ್ಲಿದ್ದಲು ಒಳ್ಳೇದು ಅಂತ ನಾನೆಲ್ಲಿ ಹೇಳ್ದೆ? ಇಪ್ಪತ್ತೆರಡು ವರ್ಷ ಅದರ ಬಾಯ್ಲರ್ ಮುಂದೆ ನಿಂತವನು ನಾನು. ಅದರ ಬೂದಿ ಎಂಥದ್ದು ಅಂತ ನಿಮ್ಮ ಟೀಚರ್‌ಗಿಂತ ನನ್ನ ಮೂಗಿಗೆ ಚೆನ್ನಾಗಿ ಗೊತ್ತು. ಮುಚ್ಚಬೇಕಿತ್ತು, ಮುಚ್ಚಿದ್ರು. ನಮ್ಮ ಪವರ್ ಪ್ಲಾಂಟ್ ಮುಚ್ಚಿದ ದಿನ ಎಲ್ಲರಿಗೂ ಕೇಕ್ ಕೊಟ್ರು, ಹಸಿರು ಕೇಕು. ಎರಡು ದಿನ ನಾಲಿಗೆ ಹಸಿರಾಗಿತ್ತು, ಕೆಲಸ ಮಾತ್ರ ಇರಲಿಲ್ಲ. ನೀನಾಗ ಮೂರನೇ ಕ್ಲಾಸು, ಅಲ್ಲ, ನಾಲ್ಕನೇದು. ರಿಟೈರ್ ಆಗೋಕೆ ನಾನು ಚಿಕ್ಕವನು, ಇಂಟರ್‌ವ್ಯೂಗೆ ಹೋದ್ರೆ ಮುದುಕ. ಒಂದು ವರ್ಷ ಈ ಬಾಲ್ಕನೀಲೇ ಕೂತು ಬ್ರಿಡ್ಜ್ ಮೇಲೆ ಕೆಲಸಕ್ಕೆ ಹೋಗೋರ ಕಾರು ನೋಡಿದೀನಿ. ಆಮೇಲೆ ಇಲ್ಲೇ ನ್ಯೂಜೆರ್ಸಿಯ ಸೀಕಾಕಸ್‌ನಲ್ಲಿ ಒಂದು ಆಫೀಸು ಕರೀತು. ಗಣಿ ಮುಚ್ಚಿದ ಊರಿನವರಿಗೆ ಸೋಲಾರ್ ಕೆಲಸ ಕಲಿಸೋ ಕಾಂಟ್ರ್ಯಾಕ್ಟು. ಅದೇ, ನೀನು ಪ್ರಾಜೆಕ್ಟಿಗೆ ಅಂತ ಡೌನ್‌ಲೋಡ್ ಮಾಡಿದ್ದೀಯಲ್ಲ ಬ್ರೋಷರ್, ಅದರಲ್ಲಿ ಹಲ್ಲು ಕಿರಿದುಕೊಂಡು ನಿಂತಿರೋನು ನಾನೇ.

ಪ್ರತಿ ಸೋಮವಾರ ಪೆನ್ಸಿಲ್ವೇನಿಯಾಗೆ ಡ್ರೈವ್ ಮಾಡ್ತಿದ್ದೆ, ಮೂರೂವರೆ ಗಂಟೆ, ನಿಮ್ಮಜ್ಜಿ ಕಟ್ಟಿದ ಪುಳಿಯೋಗರೆ ಪಕ್ಕದ ಸೀಟಲ್ಲಿ. ಕ್ಲಾಸಲ್ಲಿ ಹನ್ನೆರಡು ಜನ, ಎಲ್ಲರೂ ನೆಲದೊಳಗೆ ದುಡಿದು ದುಡಿದು ಬಂದವರು. ಅವರಲ್ಲಿ ವಾಲ್ಟರ್ ಅಂತ ಒಬ್ಬ. ಗಣಿಯಲ್ಲಿ ಕಬ್ಬಿಣದ ಸಲಾಕೆಯಿಂದ ತಲೆ ಮೇಲಿನ ಬಂಡೆ ಕುಟ್ಟಿ, ಸದ್ದು ಕೇಳಿ, ಬೀಳುತ್ತೋ ನಿಲ್ಲುತ್ತೋ ಹೇಳ್ತಿದ್ನಂತೆ. ಜಾಣ ಅಂದ್ರೆ ಜಾಣ. ನಾನು ಬೋರ್ಡಲ್ಲಿ ವೈರಿಂಗ್ ತಪ್ಪು ಬರೆದ್ರೆ, "ಪ್ರೊಫೆಸರ್, ಆ ಮನೆ ಸುಟ್ಟುಹೋಯ್ತು" ಅನ್ನೋನು. ಆದ್ರೆ ಎದೆ ತುಂಬ ಕಲ್ಲಿದ್ದಲ ಧೂಳು. ಒಂದು ಮಾತಿಗೆ ಎರಡು ಸಲ ನಿಲ್ಲೋನು. ಪಕ್ಕದಲ್ಲೊಂದು ಆಕ್ಸಿಜನ್ ಮೆಷೀನು. ಧೂಳಿನ ಕಾಯಿಲೆಗೆ ಪರಿಹಾರ ಕೊಡಿ ಅಂತ ಅರ್ಜಿ ಹಾಕಿ ಕಾಯ್ತಾ ಇದ್ದ. ಅಲ್ಲೀವರೆಗೆ ಆ ಮೆಷೀನು, ಕೋರ್ಸಲ್ಲಿ ಇರೋವರೆಗೆ ಕೊಡೋ ಇನ್ಶೂರೆನ್ಸಲ್ಲೇ ನಡೀತಿತ್ತು.

ಪರೀಕ್ಷೆ ಬಂತು. ವಾಲ್ಟರ್ ಕೊನೆ ಪುಟ ಪೂರ್ತಿ ಖಾಲಿ ಬಿಟ್ಟಿದ್ದ. ಎಂಟು ಮಾರ್ಕಿಗೆ ಫೇಲು. ಪಾಪ, ಉಸಿರು ಕಟ್ಟಿರಬೇಕು ಅಂದ್ಕೊಂಡೆ. ನೋಡು, ನಮ್ಮ ಮನೇಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೇವನು ನಾನು. ಮೈಸೂರಲ್ಲಿ ಗಣಿತದಲ್ಲಿ ಐದು ಮಾರ್ಕು ಕಮ್ಮಿ ಬಿದ್ದಾಗ ಮುಖ ಗೊತ್ತಿಲ್ಲದ ಯಾರೋ ಪುಣ್ಯಾತ್ಮ ಗ್ರೇಸ್ ಮಾರ್ಕ್ಸ್ ಹಾಕಿದ್ದಕ್ಕೇ ನಾನು ಇಂಜಿನಿಯರು. ಪಾಸಾದ್ರೆ ಕೆಲಸ, ಕೆಲಸದ ಜೊತೆ ಇನ್ಶೂರೆನ್ಸು, ನಾವು ಬೆಳೆದಿದ್ದೇ ಆ ನಂಬಿಕೇಲಿ. ಹಾಕಿದೆ ಎಂಟು. ಸಂತೋಷಕ್ಕೆ ಇನ್ನೊಂದು ಸೇರಿಸಿ ಒಂಬತ್ತು.

ಮುಂದಿನ ವಾರ ಸರ್ಟಿಫಿಕೇಟ್ ಕೈಲಿ ಹಿಡ್ಕೊಂಡು ಬಂದ. "ಪ್ರೊಫೆಸರ್, ಫೇಲಾಗೋಕೆ... ನಾನೆಷ್ಟು ಕಷ್ಟಪಟ್ಟಿದ್ದೆ ಗೊತ್ತಾ?" ಅಂದ. ನಾನು ನಕ್ಕೆ, ಗೊತ್ತಾ, ತಮಾಷೆ ಅಂತ ನಕ್ಕೆ. "ಫೇಲಾದವರಿಗೆ ಇನ್ನೊಂದು ಸಲ ಕೋರ್ಸು, ಇನ್ನೊಂದು ಸಲ ಇನ್ಶೂರೆನ್ಸು. ಪಾಸಾದವನ ಬದುಕು ಸರಿಹೋಯ್ತು ಅಂತ ಬರ್ಕೋತಾರೆ. ನಿಲ್ಲಿಸ್ತಾರೆ." ಕೆಲಸ ಕೊಡ್ತಾರಲ್ಲಪ್ಪಾ ಅಂದೆ. "ಕೊಟ್ಟಿದಾರೆ. ನಿಮ್ಮ ನ್ಯೂಜೆರ್ಸೀಲಿ, ವೇರ್‌ಹೌಸ್ ಛಾವಣಿ ಹತ್ತೋ ಕೆಲಸ. ಈ ಮೆಷೀನ್ ಹೆಗಲಿಗೆ ಹಾಕ್ಕೊಂಡು ಏಣಿ ಹತ್ಲಾ?" ಮೊದಲೇ ಒಂದು ಮಾತು ಹೇಳಬಾರದಿತ್ತಾ ವಾಲ್ಟರ್, ಅಂದೆ. "ಅವರ ಕಡೆಯೋನಿಗೆ ಹೇಗೆ ಹೇಳಲಿ?" ಅಂದ. ಅವರ ಕಡೆಯೋನು! ಕೆಲಸ ಕಳ್ಕೊಂಡು ವರ್ಷ ಮನೇಲಿ ಕೂತ ನಾನು!

ಆಫೀಸಿಗೆ ಹೋಗಿ ಮಾರ್ಕು ವಾಪಸ್ ತಗೋತೀನಿ, ತಪ್ಪು ನಂದು ಅಂದೆ. ಬಾಸು ಎದ್ದು ಬಂದು ಕೈ ಕುಲುಕಿದ. "ಹನ್ನೆರಡಕ್ಕೆ ಹನ್ನೆರಡೂ ಪಾಸ್! ಯಾರೂ ಮಾಡಿರಲಿಲ್ಲ!" ಅವತ್ತೇ ಫೋಟೋ ತೆಗೆಸಿದ್ದು. ಹಲ್ಲು ಯಾಕೆ ಕಿರಿದೆ ಅಂತ ಕೇಳ್ಬೇಡ, ಕಿರಿದೆ. ನನಗೂ ಇನ್ಶೂರೆನ್ಸ್ ಬೇಕಿತ್ತು, ನಿಮ್ಮಜ್ಜಿಗೆ ಆಗ ಮಂಡಿ ಆಪರೇಷನ್ನು.

"ತಾತ, ದಟ್ಸ್ ಸೋ ಅನ್‌ಫೇರ್."

ಅನ್‌ಫೇರ್ ಎಲ್ಲಿ ಬಂತು? ಆ ಕಾರ್ಯಕ್ರಮದ ಹೆಸರೇ ನ್ಯಾಯವಾದ ಬದಲಾವಣೆ ಅಂತ ಇತ್ತಲ್ಲ! ವಾಲ್ಟರ್ ಮನೆಯಿಂದ ಮೆಷೀನು ವಾಪಸ್ ತಗೊಂಡು ಹೋದ್ರು. ಚಳಿಗಾಲ ಮುಗಿಯೋದ್ರಲ್ಲಿ ಅವನ ಅರ್ಜಿಗೆ ಉತ್ತರ ಬಂತು, ಪರಿಹಾರ ಮಂಜೂರು ಅಂತ. ಕಾಗದ ಅವನ ಹೆಂಡತಿ ಹೆಸರಿಗೆ ಬಂದಿತ್ತು. ಫೋನ್ ಮಾಡಿದೆ. ಬೈತಾಳೇನೋ ಅಂದ್ಕೊಂಡೆ. ಇಲ್ಲ. "ಆ ಸರ್ಟಿಫಿಕೇಟ್ ಏನ್ ಮಾಡ್ಲಿ ಪ್ರೊಫೆಸರ್?" ಅಂತ ಕೇಳಿದ್ಲು, ಅಷ್ಟೇ.

ಇದನ್ನ ಪ್ರಾಜೆಕ್ಟಲ್ಲಿ ಬರಿ, ಬಿಡು, ನಿನ್ನಿಷ್ಟ. ಒಂದು ನೆನಪಿಟ್ಕೋ. ಎಲೆ ಮೇಲೆ ಒಂದು ಸೌಟು ಸಾರು ಬಡಿಸೋಕೂ "ಹಾಕ್ಲಾ?" ಅಂತ ಕೇಳ್ತೀವಿ. ಒಳ್ಳೇದು ಮಾಡೋಕೆ ಹೊರಟಾಗ ಯಾಕೋ ಕೇಳಲ್ಲ. ಕೇಳ್ಬೇಕು.